ಮುಂದಕ್ಕೆಳೆದ ಸೀಟು

ಚನ್ನಬಸಪ್ಪನಿಗೆ ನಿದ್ದೆಯೆಂದರೆ ಬೀಗರಿದ್ದ ಹಾಗೆ. ಕರೆದಾಗ ಬರುವುದಿಲ್ಲ, ಬರಬಾರದ ಹೊತ್ತಿಗೆ ಬಂದು ಕೂತರೆ ಏಳುವುದಿಲ್ಲ. ಟೆಕ್ಸಾಸಿನ ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಯೊಂದರಲ್ಲಿ ಅವನದು ರಾತ್ರಿ ಪಾಳಿ. ಊರೆಲ್ಲ ಮಲಗಿರುವಾಗ ಎಲ್ಲಿ ಯಾವ ಲೈನು ಸತ್ತಿತು ಎಂದು ಕಂಪ್ಯೂಟರಿನ ಮುಂದೆ ಕಣ್ಣು ನೆಟ್ಟು ಕೂರುವ ಕೆಲಸ. ಬೆಳಗಾದ ಮೇಲೆ ಲಿಟಲ್ ಎಲ್ಮ್‌ನ ಮನೆಗೆ ಬಂದು, ಹೆಂಡತಿ ಪ್ರಭಾಳನ್ನು ಅವಳ ಲ್ಯಾಬಿಗೂ ಮಗಳು ನಿಶಿತಾಳನ್ನು ಹೈಸ್ಕೂಲಿಗೂ ಮುಟ್ಟಿಸಿ, ಕಿಟಕಿಯ ಪರದೆ ಎಳೆದು ಮಲಗಿದನೆಂದರೆ ಕನಸು ಬೀಳುವಷ್ಟರಲ್ಲಿ ಅಲಾರಾಂ. ಮತ್ತೆ ಇಬ್ಬರನ್ನೂ ಕರೆತರಬೇಕು. ಪ್ರಭಾ ಒಂದು ಚಳಿಗಾಲದಲ್ಲಿ ಐಸಿನ ಮೇಲೆ ಕಾರು ಜಾರಿ ಚರಂಡಿಗೆ ಇಳಿದಂದಿನಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ. ಲಿಟಲ್ ಎಲ್ಮ್‌ಗೆ ರೈಲಿಲ್ಲ, ಬಸ್ಸಿಲ್ಲ. ಒಂದು ಕೆರೆಯಿದೆ, ಅದರ ಸುತ್ತ ಒಂದೇ ಅಚ್ಚಿನಲ್ಲಿ ತೆಗೆದಂಥ ಹೊಸ ಮನೆಗಳಿವೆ.

ಹೀಗಾಗಿ ನಿಶಿತಾಳಿಗೆ ಹದಿನಾರು ತುಂಬುವುದನ್ನು ಅವಳಿಗಿಂತ ಹೆಚ್ಚು ಕಾದವನು ಅಪ್ಪ. ಟೆಕ್ಸಾಸಿನಲ್ಲಿ ಹೆತ್ತವರೇ ಮಕ್ಕಳಿಗೆ ಡ್ರೈವಿಂಗ್ ಕಲಿಸಲು ಅವಕಾಶವಿತ್ತು. ಚನ್ನಬಸಪ್ಪ ಮೂರು ತಿಂಗಳಿಂದ ತನ್ನ ಶನಿವಾರ ಭಾನುವಾರಗಳನ್ನೆಲ್ಲ ಮಿನಿವ್ಯಾನಿನ ಎಡಗಡೆಯ ಡ್ರೈವರ್ ಸೀಟನ್ನು ಮಗಳಿಗೆ ಬಿಟ್ಟು, ಬಲಗಡೆ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತ ಕಳೆದಿದ್ದ. ಬರುವ ಸೋಮವಾರ ಅವಳ ರೋಡ್ ಟೆಸ್ಟ್. ಪಾಸಾದರೆ ಬೆಳಗಿನ ಓಡಾಟ ಅವಳದು, ಬೆಳಗಿನ ನಿದ್ದೆ ಅವನದು. ಆಫೀಸಿನಲ್ಲಿ ಯಾರಾದರೂ ಹೊಸ ಮನೆ, ಹೊಸ ಟಿವಿ ಎಂದು ಆಸೆಗಳ ಮಾತೆತ್ತಿದರೆ ಚನ್ನಬಸಪ್ಪ ಸುಮ್ಮನೆ ನಗುತ್ತಿದ್ದ. ಅವನ ಆಸೆ ಒಂದು ದಿಂಬಿನಷ್ಟೇ ದೊಡ್ಡದಿತ್ತು.

2003ರ ಯುಗಾದಿ ಕಳೆದ ವಾರಾಂತ್ಯ ಹ್ಯೂಸ್ಟನ್ನಿನ ಕನ್ನಡದವರ ಕಾರ್ಯಕ್ರಮದಲ್ಲಿ ಪ್ರಭಾ ಹಾಡುವವಳಿದ್ದಳು. ನಿಶಿತಾಳ ಶಾಲೆಗೆ ಶುಕ್ರವಾರ ರಜೆ ಸಿಕ್ಕಿತ್ತು. ಗುರುವಾರದ ಪಾಳಿ ಮುಗಿಸಿ ಬಂದ ಚನ್ನಬಸಪ್ಪ ಮಲಗಲಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು ನೇರವಾಗಿ ವ್ಯಾನಿನ ಬಲಗಡೆ ಹತ್ತಿದ.

"ಒಂದು ಗಂಟೆ ಆದ್ರೂ ಮಲಗಿ ಹೊರಡಬಹುದಿತ್ತು" ಎಂದಳು ಪ್ರಭಾ. ಅವಳು ಮೈಸೂರಿನವಳು, ಬೈಯುವುದನ್ನೂ ಹಾಡಿನ ಹಾಗೆ ಬೈಯುವವಳು.

"ಮಲಗಿದರ ಏಳಂಗಿಲ್ಲ. ಕೂತರ ಮಲಗಂಗಿಲ್ಲ. ನಡೀ" ಎಂದ.

ಅರ್ಧ ದಾರಿಗೆ ಬಂದಾಗ ಹೆದ್ದಾರಿ ಬಿಟ್ಟು ಪೂರ್ವಕ್ಕೆ, ಪೈನ್ ಕಾಡಿನ ಸಣ್ಣ ರಸ್ತೆಗೆ ತಿರುಗಿಸು ಎಂದವನೂ ಅವನೇ. "ಹೈವೇದಾಗ ಏನ್ ಕಲೀತಿ? ಅಲ್ಲಿ ಗಾಡಿ ತಾನಽ ಹೊಕ್ಕೈತಿ. ತಿರುವು, ಇಳಿಜಾರು, ಎದುರಿಗೆ ಲಾರಿ, ಇದನ್ನ ಕಲೀಬೇಕು." ನಿಶಿತಾ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. "ಓಕೆ ಅಪ್ಪ" ಎಂದು ಇಂಡಿಕೇಟರ್ ಹಾಕಿದಳು. ಹಿಂದಿನ ಸೀಟಿನಲ್ಲಿ ಪ್ರಭಾ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

ಎರಡೂ ಕಡೆ ಎತ್ತರದ ಮರ. ನಡುವೆ ನೆರಳು ಬಿಸಿಲು, ನೆರಳು ಬಿಸಿಲು ಎಂದು ಕಣ್ಣಿನ ಮೇಲೆ ಯಾರೋ ಬೀಸಣಿಗೆ ಬೀಸುತ್ತಿದ್ದ ಹಾಗೆ. ಚನ್ನಬಸಪ್ಪ ಒಂದು ಬೋರ್ಡು ಓದಿದ: ಇಲ್ಲಿಂದ ಮುಂದೆ ಮೂಲನಿವಾಸಿ ಬುಡಕಟ್ಟಿನವರ ರಿಸರ್ವೇಶನ್, ಅವರ ಸ್ವಂತ ನೆಲ. ಅದರಡಿಯ ಇನ್ನೊಂದು ಬೋರ್ಡು, ವೇಗ ನಲವತ್ತೈದು ಮೈಲಿ ಎನ್ನುವುದು, ಅವನಿಗೆ ಕಾಣಲಿಲ್ಲ. ಬೀಗರು ಬಂದು ಕೂತಿದ್ದರು.

ಎಚ್ಚರವಾದದ್ದು ಮಗಳ ದನಿಗೆ. "ಅಪ್ಪ. ಅಪ್ಪ. ಪೊಲೀಸ್."

ತಿರುವಿನ ಆಚೆ ಮರದ ಮರೆಯಲ್ಲಿ ನಿಂತಿದ್ದ ಬಿಳಿ ಗಾಡಿಯನ್ನು ಅವರು ದಾಟಿ ಬಂದಿದ್ದರು. ನಿಶಿತಾ ಗಾಬರಿಯಲ್ಲಿ ಆಗಲೇ ರಸ್ತೆಯ ಅಂಚಿಗೆ ನಿಲ್ಲಿಸಿದ್ದಳು. ಕನ್ನಡಿಯಲ್ಲಿ ಆ ಗಾಡಿ ಇನ್ನೂ ತಿರುಗಿಕೊಳ್ಳುತ್ತಿತ್ತು. ನೀಲಿ ಕೆಂಪು ದೀಪ ಮರಗಳ ಮೇಲೆ ಹರಿದಾಡುತ್ತಿತ್ತು.

"ಎಷ್ಟಿತ್ತು?"

"ಅರವತ್ತೆಂಟು, ಅನ್ಸುತ್ತೆ."

ಕಲಿಯುವವರ ಪಕ್ಕದಲ್ಲಿ ಕೂತವರು ಎಚ್ಚರವಿರಬೇಕು. ಅದು ಕಾನೂನು, ಚನ್ನಬಸಪ್ಪನೇ ಓದಿ ಮಗಳಿಗೆ ವಿವರಿಸಿದ್ದ. ಅವಳ ಹೆಸರಿಗೆ ದಂಡದ ಟಿಕೆಟ್ ಬಿದ್ದರೆ ಸೋಮವಾರಕ್ಕೂ ಕುತ್ತು, ದಿಂಬಿಗೂ ಕುತ್ತು. ಇಷ್ಟನ್ನೂ ಅವನು ಯೋಚಿಸಿದನೆಂದು ಹೇಳಲಾಗುವುದಿಲ್ಲ. ಯೋಚಿಸುವ ಮೊದಲೇ ಕೈ ಅವಳ ಬೆಲ್ಟು ಬಿಚ್ಚಿತ್ತು.

"ಏಳು. ಈ ಕಡೆ ಬಾ. ಲಗೂನ."

ಮಿನಿವ್ಯಾನಿನಲ್ಲಿ ಮುಂದಿನ ಎರಡು ಸೀಟುಗಳ ನಡುವೆ ಓಡಾಡುವಷ್ಟು ಜಾಗವಿರುತ್ತದೆ. ಅಪ್ಪ ಬಗ್ಗಿ ಆ ಕಡೆ, ಮಗಳು ನುಸುಳಿ ಈ ಕಡೆ. ಪ್ರಭಾ ಕಿವಿಯ ವಯರು ಕಿತ್ತು, "ಏನ್ ಮಾಡ್ತಿದ್ದೀರಿ ಇಬ್ಬರೂ?" ಎಂದಳು.

"ಸುಮ್ಮನಿರು. ನಾ ಓಡಸಾಕತ್ತಿದ್ದೆ. ಅಷ್ಟಽ."

ನಿಶಿತಾ ಐದಡಿಯ ಹುಡುಗಿ. ಪೆಡಲು ಸಿಗಲೆಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಿದ್ದಳು. ಚನ್ನಬಸಪ್ಪನೋ ಗದಗಿನ ಕಡೆಯ ಜೋಳದ ದಂಟಿನಂಥ ಆಳು, ಆರಡಿ. ಅವನ ಎರಡು ಮೊಣಕಾಲುಗಳು ಸ್ಟೀರಿಂಗಿನ ಎರಡು ಪಕ್ಕಕ್ಕೆ ಎದ್ದು, ಗದ್ದ ಹತ್ತಿರ ಹತ್ತಿರ ಹಾರ್ನಿನ ಮೇಲೆ ಬಂದಿತ್ತು. ಸೀಟು ಹಿಂದಕ್ಕೆ ತಳ್ಳಲು ಕೆಳಗೆ ಕೈ ಹಾಕುವಷ್ಟರಲ್ಲಿ ಕನ್ನಡಿಯಲ್ಲಿ ಟೋಪಿಯೊಂದು ನಡೆದು ಬರುತ್ತಿತ್ತು. ಈ ದೇಶದಲ್ಲಿ ಪೊಲೀಸರು ನಿಲ್ಲಿಸಿದಾಗ ಕೈ ಕಾಣುವಂತಿರಬೇಕು, ಗಾಡಿಯಿಂದ ಇಳಿಯಬಾರದು, ಸೀಟಿನ ಕೆಳಗಂತೂ ಕೈ ಹಾಕಲೇಬಾರದು. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆಲ್ಲ ಅವನೇ ಹೇಳಿಕೊಡುತ್ತಿದ್ದ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಹುಂಜದ ಹಾಗೆ ಕುಕ್ಕರಿಸಿ ಕೂತ.

ಬಂದವನು ನಲವತ್ತು ದಾಟಿದ, ಅಗಲ ಮುಖದ, ಆತುರವಿಲ್ಲದ ಮನುಷ್ಯ. ಅಂಗಿಯ ಮೇಲೆ ಬುಡಕಟ್ಟಿನ ಪೊಲೀಸ್ ಲಾಂಛನ, ಜೇಬಿನ ಮೇಲೆ ಡೆಲ್ಬರ್ಟ್ ಎಂಬ ಹೆಸರು. ಲೈಸೆನ್ಸ್ ಇಸಿದುಕೊಂಡು ನೋಡಿದ. ಆಮೇಲೆ ಮೊಣಕಾಲು ನೋಡಿದ. ಆಮೇಲೆ ಮತ್ತೆ ಲೈಸೆನ್ಸ್ ನೋಡಿದ, ಅದರಲ್ಲಿ ಎತ್ತರ ಬರೆದಿರುತ್ತದೆ.

"ಯಾರು ಓಡಿಸುತ್ತಿದ್ದದ್ದು ಸರ್?"

"ನಾನೇ."

"ಆರಾಮಾಗಿ ಕೂತಿದ್ದೀರಾ?"

"ಹೌದು ಸರ್. ಹಿಂಗೇ ರೂಢಿ."

ಹಿಂದಿನ ಸೀಟಿನಿಂದ ಪ್ರಭಾ ಕನ್ನಡದಲ್ಲಿ ಮೆಲ್ಲಗೆ, "ಇನ್ನೂ ಸ್ವಲ್ಪ ಹೇಳಿ, ಊಟ ಮಾಡೋದೂ ಹಿಂಗೇ ಅಂತ" ಎಂದಳು.

ಡೆಲ್ಬರ್ಟ್ ನಗಲಿಲ್ಲ, ಆದರೆ ನಗದಿರಲು ಸ್ವಲ್ಪ ಕಷ್ಟಪಟ್ಟ ಹಾಗೆ ಕಂಡಿತು. "ನೋಡಿ ಸರ್, ಇದು ನಮ್ಮ ನೆಲ. ನೀವು ನಮ್ಮ ಬುಡಕಟ್ಟಿನವರಲ್ಲ. ನಾನು ನಿಲ್ಲಿಸಬಹುದು, ಟಿಕೆಟ್ ಬರೆಯುವ ಹಾಗಿಲ್ಲ. ಬರೆಯಬೇಕಾದವನು ಕೌಂಟಿ ಪೊಲೀಸಿನ ಡೆಪ್ಯುಟಿ. ರೇಡಿಯೋದಲ್ಲಿ ಕರೆದಿದ್ದೇನೆ. ಎಲ್ಲೋ ದನ ರಸ್ತೆಗೆ ನುಗ್ಗಿವೆಯಂತೆ, ಅವನ್ನು ಓಡಿಸಿ ಬರುತ್ತೇನೆ ಅಂದಿದ್ದಾನೆ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ."

ಚನ್ನಬಸಪ್ಪನ ಎದೆಯೊಳಗೆ ಒಂದು ಕಲ್ಲು ಸರಿದು ಜಾಗ ಬಿಟ್ಟಿತು. "ಹಂಗಾದ್ರೆ ನಾವು…"

"ಒಂದು ಉಪಕಾರ ಮಾಡಿ. ಸ್ವಲ್ಪ ಹೊತ್ತು ಇಲ್ಲೇ ನಿಂತಿರಿ. ಶಾಲೆಯ ಬಸ್ಸು ಬರುವ ಹೊತ್ತಾಯಿತು. ನಿಮ್ಮ ನಾಲ್ಕೂ ದೀಪ ಮಿನುಗಲಿಕ್ಕೆ ಹಾಕಿ."

ಚನ್ನಬಸಪ್ಪನಿಗೆ ಅರ್ಥವಾಗಲಿಲ್ಲ. ಡೆಲ್ಬರ್ಟ್ ವ್ಯಾನಿನ ಬಾಗಿಲಿಗೆ ಒರಗಿ, ತಿರುವಿನ ಕಡೆ ನೋಡುತ್ತ ವಿವರಿಸಿದ. ರಸ್ತೆ ರಾಜ್ಯ ಸರ್ಕಾರದ್ದು, ಅಂಚಿನ ಮಣ್ಣು ಮಾತ್ರ ಬುಡಕಟ್ಟಿನದು. ಮರ ಹೊತ್ತ ಲಾರಿಗಳಿಗೆ ಇದು ಒಳದಾರಿ. ಓಡಾಡುವವರಿಗೆಲ್ಲ ಗೊತ್ತು, ಇಲ್ಲಿಯ ಪೊಲೀಸು ತಮಗೆ ಚೀಟಿ ಹರಿಯಲಾರ ಎಂದು. ಬೋರ್ಡು ಹಾಕಿ ನೋಡಿದ, ಕೈ ಬೀಸಿ ನೋಡಿದ, ಪ್ರಯೋಜನವಾಗಲಿಲ್ಲ. ಆದರೆ ಒಂದನ್ನು ಕಂಡುಕೊಂಡ: ಪೊಲೀಸು ಯಾರನ್ನೋ ನಿಲ್ಲಿಸಿದ್ದನ್ನು ಕಂಡರೆ ಎಂಥವನ ಕಾಲೂ ತಾನಾಗಿ ಬ್ರೇಕಿಗೆ ಹೋಗುತ್ತದೆ. ಅಂದಿನಿಂದ ದಿನಾ ಬಸ್ಸಿನ ಹೊತ್ತಿಗೆ ಮೊದಲು ಓಡಿ ಬಂದವರನ್ನು ಹಿಡಿದು, ಮಕ್ಕಳು ದಾಟುವವರೆಗೆ ನಿಲ್ಲಿಸಿಕೊಳ್ಳುತ್ತಾನೆ.

"ನಿನ್ನೆ ಒಬ್ಬ ಪಾದ್ರಿ ಸಿಕ್ಕಿದ್ದರು. ಮೊನ್ನೆ ಐಸ್‌ಕ್ರೀಮ್ ಗಾಡಿ. ಇವತ್ತು ನೀವು."

ಚನ್ನಬಸಪ್ಪ ಭಯ ಮರೆತು ಸ್ಟೀರಿಂಗಿನ ಮೇಲಿಂದ ತಲೆಯೆತ್ತಿದ. "ಅಂದ್ರೆ ನಾವು ಹಂಪ್."

"ಏನು?"

"ನಮ್ಮ ಊರಲ್ಲಿ ರಸ್ತೆ ಮೇಲೆ ಯಾರಿಗಾದರೂ ಲಾರಿ ಬಡಿಯಿತು ಅಂದರೆ, ಮಾರನೆಯ ದಿನ ಜನ ಯಾರನ್ನೂ ಕೇಳುವುದಿಲ್ಲ. ಕಲ್ಲು, ಮಣ್ಣು ತಂದು ರಸ್ತೆಗೆ ಅಡ್ಡ ಒಂದು ದಿಬ್ಬ ಹಾಕುತ್ತಾರೆ. ಸರ್ಕಾರ ಬಂದು ಕೀಳುತ್ತದೆ. ಇವರು ಮತ್ತೆ ಹಾಕುತ್ತಾರೆ. ಕೊನೆಗೆ ಸರ್ಕಾರವೇ ಸೋತು ಅದಕ್ಕೆ ಬಣ್ಣ ಬಳಿದು ಹೋಗುತ್ತದೆ."

ಈಗ ಡೆಲ್ಬರ್ಟ್ ನಿಜವಾಗಿ ನಕ್ಕ. "ನಾನು ಹಾಗೆ ಮಾಡಿದರೆ ನನ್ನನ್ನೇ ಹಿಡಿಯುತ್ತಾರೆ. ಅದಕ್ಕೇ ದಿಬ್ಬವನ್ನು ದಿನಾ ಬೇರೆ ಊರಿನಿಂದ ತರಿಸಿಕೊಳ್ಳುತ್ತೇನೆ." ನಗು ಆರದ ಮುಖದಲ್ಲೇ, "ಹೋದ ವರ್ಷ ನಮ್ಮ ಚಿಕ್ಕಮ್ಮ ಹಿಟ್ಟು ತರಲು ಹೊರಟಿದ್ದಳು, ಇದೇ ಅಂಚಿನಲ್ಲಿ. ಬದುಕಿದ್ದಾಳೆ. ಗಾಲಿಕುರ್ಚಿಯಲ್ಲಿ ಕೂತೇ ನನಗೆ ಬೈಯುತ್ತಾಳೆ, ಇನ್ನೂ ಸರಿಮಾಡಲಿಲ್ಲವಲ್ಲೋ ಅಂತ" ಎಂದ.

ಬಲಗಡೆಯ ಸೀಟಿನಲ್ಲಿ ನಿಶಿತಾ ತುಟಿ ಬಿಗಿಹಿಡಿದು ಕೂತಿದ್ದಳು. ಡೆಲ್ಬರ್ಟ್ ಅವಳನ್ನು ಏನೂ ಕೇಳಲಿಲ್ಲ; ತನ್ನ ಗಾಡಿಯ ಕಡೆ ನಡೆದು ಹೋದ.

ಹಳದಿ ಬಸ್ಸು ಎದುರು ದಿಕ್ಕಿನಿಂದ ನಿಧಾನವಾಗಿ ಬಂದು, ಅವರ ಮುಂದೆ ಸ್ವಲ್ಪ ದೂರದಲ್ಲಿ ನಿಂತಿತು. ನಿಲ್ದಾಣವೆಂದರೆ ಏನೂ ಇಲ್ಲ, ಹುಲ್ಲು ಸವೆದ ಒಂದು ಜಾಗ. ಮಕ್ಕಳು ಇಳಿದರು. ದೊಡ್ಡವರು ದಾಟಿದರು. ಕೊನೆಯದು ಒಂದು ಸಣ್ಣ ಹುಡುಗಿ, ಎರಡು ಜಡೆ. ಕೈಯಲ್ಲಿ ಶಾಲೆಯಲ್ಲಿ ಮಾಡಿದ ಏನೋ ಒಂದು, ರಟ್ಟಿನ ಮನೆ ಇರಬೇಕು, ತುಂಬಿದ ಕೊಡದ ಹಾಗೆ ಹಿಡಿದುಕೊಂಡು ಅಡಿಯಿಡುತ್ತಿದ್ದಳು. ರಸ್ತೆಯ ನಟ್ಟನಡುವೆ ಆ ಮನೆಯ ಮಾಡು ಕಳಚಿ ಬಿತ್ತು. ಅವಳು ನಿಂತು, ಉಳಿದ ಮನೆಯನ್ನು ಜೋಪಾನವಾಗಿ ಡಾಂಬರಿನ ಮೇಲಿಟ್ಟು, ಮಾಡು ಎತ್ತಿಕೊಳ್ಳಲು ಹಿಂದಕ್ಕೆ ಹೋದಳು.

ಆಗ ಹಿಂದಿನಿಂದ, ಅವರು ಬಂದ ದಿಕ್ಕಿನಿಂದಲೇ, ಮರದ ದಿಮ್ಮಿ ಹೊತ್ತ ಲಾರಿಯ ಸದ್ದು. ಚನ್ನಬಸಪ್ಪ ಕನ್ನಡಿ ನೋಡಿದ. ತಿರುವಿನಲ್ಲಿ ಲಾರಿಯ ಮೂಗು ಕಂಡಿತು. ಪೊಲೀಸ್ ದೀಪ ಕಂಡದ್ದೇ ಅದರ ಗಾಳಿಬ್ರೇಕು ಬುಸ್ಸೆಂದಿತು. ಲಾರಿ ಕುಗ್ಗಿ ಕುಗ್ಗಿ, ವ್ಯಾನಿನ ಹಿಂದೆ ಎಷ್ಟೋ ದೂರದಲ್ಲಿ ಎಮ್ಮೆಯ ಹಾಗೆ ನಿಂತಿತು. ಹುಡುಗಿ ಮಾಡನ್ನು ಮನೆಯ ಮೇಲಿಟ್ಟು, ಸರಿಯಾಗಿ ಕೂತಿದೆಯೇ ಎಂದು ನೋಡಿ, ಮತ್ತೆ ಎತ್ತಿಕೊಂಡು ದಾಟಿದಳು. ಯಾರಿಗೂ ಏನೂ ಆಗಲಿಲ್ಲ.

ಚನ್ನಬಸಪ್ಪ ತನ್ನ ಕಾಲು ನೋಡಿಕೊಂಡ. ನಿಂತ ಗಾಡಿಯ ಬ್ರೇಕನ್ನು ಪೂರ್ತಿ ತಳದವರೆಗೆ ಒತ್ತಿದ್ದ. ಪಕ್ಕಕ್ಕೆ ತಿರುಗಿದರೆ ನಿಶಿತಾಳ ಬಲಗಾಲೂ ಏನೂ ಇಲ್ಲದ ನೆಲವನ್ನು ಅಷ್ಟೇ ಬಲವಾಗಿ ಒತ್ತಿಕೊಂಡಿತ್ತು. ಮೂರು ತಿಂಗಳು ಅವನು ಒತ್ತಿದ ಜಾಗ ಅದು.

"ಆ ಪಾಪು ದಾಟುವಾಗ ನಾವು ಆ ವೇಗದಲ್ಲಿ ಬಂದಿದ್ರೆ…" ಎಂದು ಹಿಂದಿನಿಂದ ಪ್ರಭಾ ಶುರುಮಾಡಿದಳು.

ಡೆಲ್ಬರ್ಟ್ ಮತ್ತೆ ಬಂದು ಲೈಸೆನ್ಸ್ ಕೊಟ್ಟ. "ಮುಗಿಯಿತು ಸರ್, ಉಪಕಾರವಾಯಿತು. ಡೆಪ್ಯುಟಿ ದನ ಮುಗಿಸಿದ್ದಾನಂತೆ, ಸೇತುವೆ ಹತ್ತಿರ ಇದ್ದಾನೆ. ಆದರೆ ಮಕ್ಕಳು ದಾಟಿದ ಮೇಲೆ ನಾನು ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಅದು ನನ್ನ ಪದ್ಧತಿ. ನೀವು ಹೊರಡಬಹುದು."

"ಥ್ಯಾಂಕ್ ಯೂ ಸರ್. ಭಾಳ ಥ್ಯಾಂಕ್ಸ್."

"ಒಂದೇ ಮಾತು. ಹೊರಡುವ ಮೊದಲು ಆ ಸೀಟು ಹಿಂದಕ್ಕೆ ತಳ್ಳಿಕೊಳ್ಳಿ. ಮೊಣಕಾಲು ಅಲ್ಲಿದ್ದರೆ ಬ್ರೇಕು ಹೊತ್ತಿಗೆ ಸಿಗುವುದಿಲ್ಲ."

ಚನ್ನಬಸಪ್ಪ ಸೀಟಿನ ಕೆಳಗೆ ಕೈ ಹಾಕಿದ. ಕಬ್ಬಿಣದ ಸನ್ನೆ ಬೆರಳಿಗೆ ಸಿಕ್ಕಿತು. ಎತ್ತಿದರೆ ಸಾಕು, ಸೀಟು ಜರ್ರನೆ ಹಿಂದಕ್ಕೆ ಹೋಗುತ್ತದೆ, ಕಾಲು ಚಾಚಬಹುದು, ಹ್ಯೂಸ್ಟನ್ ಮುಟ್ಟಬಹುದು, ಸೋಮವಾರ ಸೋಮವಾರವಾಗಿಯೇ ಉಳಿಯುತ್ತದೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನಿಶಿತಾ ಅವನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು. ಕನ್ನಡಿ ನೋಡುವುದು, ಗೇರು ಹಾಕುವುದು, ಎಲ್ಲವನ್ನೂ ಅವಳು ಆ ಕೈ ನೋಡಿಯೇ ಕಲಿತಿದ್ದಳು.

ಬೆರಳು ಸನ್ನೆ ಬಿಟ್ಟಿತು.

"ಸೀಟು ನನ್ನದಲ್ಲ ಸರ್" ಎಂದ. "ನನ್ನ ಮಗಳದು. ಅವಳೇ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿದ್ದೆ ಹೋಗಿದ್ದೆ."

ಡೆಲ್ಬರ್ಟ್ ಟೋಪಿ ಸರಿಮಾಡಿಕೊಂಡ. "ಗೊತ್ತು ಸರ್. ನೀವು ನನ್ನನ್ನು ದಾಟಿ ಹೋಗುವಾಗ ಬಲಗಡೆಯ ಗಾಜಿಗೆ ಒಂದು ಕೆನ್ನೆ ಒತ್ತಿಕೊಂಡಿತ್ತು. ಹಣೆ ಮೇಲಿನ ಬೂದಿ ಗಾಜಿನ ಮೇಲೆ ಈಗಲೂ ಇದೆ."

ಮೂವರೂ ಬಲಗಡೆಯ ಗಾಜು ನೋಡಿದರು. ಬೆಳಿಗ್ಗೆ ಹಚ್ಚಿಕೊಂಡಿದ್ದ ಮೂರು ಬೆರಳಿನ ವಿಭೂತಿ ಅಲ್ಲಿ ಅಡ್ಡಕ್ಕೆ ಒಂದಾಗಿ ಬಳಿದುಕೊಂಡಿತ್ತು. ಪ್ರಭಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಹೇಳುವುದು ಕಷ್ಟವಿತ್ತು.

"ಹಂಗಾದ್ರೆ ಮೊದಲೇ ಯಾಕೆ ಹೇಳಲಿಲ್ಲ ಸರ್?" ಎಂದ ಚನ್ನಬಸಪ್ಪ.

"ನನಗೆ ಬೇಕಿದ್ದದ್ದು ನಿಂತ ಗಾಡಿ. ಯಾರು ಓಡಿಸಿದರು ಅನ್ನುವುದು ಡೆಪ್ಯುಟಿಗೆ ಬೇಕಾದ್ದು. ನೀವು ಈಗಲೂ ಹೊರಡಬಹುದು."

ಆಗ ನಿಶಿತಾ, ಆಫೀಸರು ಬಂದ ಮೇಲೆ ಮೊದಲ ಸಲ, ಬಾಯಿ ತೆರೆದಳು. "ನಾವು ಕಾಯ್ತೀವಿ" ಎಂದಳು ಇಂಗ್ಲಿಷಿನಲ್ಲಿ, ಆಫೀಸರಿಗೆ. ಆಮೇಲೆ ಅಪ್ಪನ ಕಡೆ ತಿರುಗಿ, "ಕಾಯೋಣ ಅಲ್ವಾ?" ಎಂದಳು, ಕನ್ನಡದಲ್ಲಿ.

"ಕಾಯೂಣು" ಎಂದ ಚನ್ನಬಸಪ್ಪ.

ಡೆಪ್ಯುಟಿ ಬಂದ. ಬೂಟಿಗೆ ಸೆಗಣಿ ಮೆತ್ತಿಕೊಂಡಿದ್ದ, ಅವಸರದಲ್ಲಿದ್ದ. ನಿಶಿತಾಳ ಹೆಸರಿಗೆ ಟಿಕೆಟ್ ಬರೆದ. ಚನ್ನಬಸಪ್ಪನಿಗೆ, ಮಲಗುವುದಿದ್ದರೆ ಮನೆಯಲ್ಲಿ ಮಲಗಿ ಎಂದು ಸಣ್ಣ ಹುಡುಗನಿಗೆ ಹೇಳುವ ಹಾಗೆ ಬೈದ. ಮನೆಯಲ್ಲಿ ಮಲಗುವ ಸಲುವಾಗಿಯೇ ಇಷ್ಟೆಲ್ಲ ಆದದ್ದು ಎಂದು ವಿವರಿಸಲು ಚನ್ನಬಸಪ್ಪನಿಗೆ ಮನಸ್ಸಾಗಲಿಲ್ಲ. ಡೆಪ್ಯುಟಿ ಹೋದ. ಡೆಲ್ಬರ್ಟ್ ತನ್ನ ದೀಪ ಆರಿಸಿ, ಕೈಯೆತ್ತಿ, ಮರದ ಮರೆಗೆ ಹೋಗಿ ನಿಂತ.

ರಸ್ತೆ ಸುಮ್ಮನಾಯಿತು. ಚನ್ನಬಸಪ್ಪ ಬಾಗಿಲು ತೆರೆದು, ಹೊರಗಿಳಿದು, ಹಿಡಿದುಕೊಂಡಿದ್ದ ಮೊಣಕಾಲುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು, ವ್ಯಾನಿನ ಮುಂದಿನಿಂದ ಸುತ್ತಿ ಬಂದು ಬಲಗಡೆಯ ಬಾಗಿಲು ತೆಗೆದ.

"ಸರೀ. ನಿನ್ನ ಜಾಗಕ್ಕ ಹೋಗು."

ನಿಶಿತಾ ಕದಲಲಿಲ್ಲ. "ನಾನು ಓಡಿಸಲ್ಲ ಅಪ್ಪ."

"ನಿನ್ನಿಯಿಂದ ನಾ ಕಣ್ಣು ಮುಚ್ಚಿಲ್ಲ, ನಡುವ ಮುಚ್ಚಿದ್ದನ್ನ ಬಿಟ್ಟು. ನಾ ಓಡಿಸಿದರ ಮುಂದಿನ ಊರಾಗ ಇನ್ನೊಬ್ಬ ಆಫೀಸರ್ ಬೇಕಾಗತಾನ. ನಿಮ್ಮವ್ವ ಚರಂಡಿ ಹುಡುಕತಾಳ. ಉಳಿದಾಕಿ ನೀನಽ."

"ನನ್ನ ಚರಂಡಿ ತಂಟೆಗೆ ಬರಬೇಡಿ" ಎಂದಳು ಪ್ರಭಾ.

ನಿಶಿತಾ ಇಳಿದು ಆ ಕಡೆ ಹೋಗಿ ಕೂತಳು. ಸೀಟು ಅವಳು ಬಿಟ್ಟ ಹಾಗೇ ಇತ್ತು. ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು, ಆದರೆ ಕೀಲಿ ತಿರುಗಿಸದೆ ಸ್ವಲ್ಪ ಹೊತ್ತು ಆ ಹುಲ್ಲು ಸವೆದ ಜಾಗವನ್ನು ನೋಡಿದಳು.

"ಸೋಮವಾರ ಬ್ಯಾಡ" ಎಂದಳು. ಅಪ್ಪನದೇ ಮಾತು, ಅಪ್ಪನದೇ ದನಿ.

ಚನ್ನಬಸಪ್ಪನ ಕಣ್ಣ ಮುಂದೆ ದಿಂಬೊಂದು ಮೆಲ್ಲಗೆ ತೇಲಿಕೊಂಡು ದೂರ ಹೋಯಿತು. ಬೇಸಿಗೆ ರಜೆಯವರೆಗೂ ಬೆಳಗಿನ ಓಡಾಟ ಅವನದೇ. ಅಲಾರಾಂ ಅವನದೇ. "ಹೂಂ. ಬ್ಯಾಡ" ಎಂದ. "ನನಗೂ ಅದಽ ಅನಿಸಿತ್ತು. ನೀ ಇನ್ನಷ್ಟು ಕಲೀಬೇಕು. ನಾ ಎಚ್ಚರ ಇರೋದು ಕಲೀಬೇಕು."

ಅವಳು ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಮತ್ತೊಮ್ಮೆ ಹಿಂದೆ ನೋಡಿ, ರಸ್ತೆಗೆ ಬಂದಳು. ವೇಗದ ಮುಳ್ಳು ನಲವತ್ತೈದಕ್ಕೆ ಮುಟ್ಟಿ ನಿಂತಿತು. ನೆರಳು ಬಿಸಿಲು, ನೆರಳು ಬಿಸಿಲು. ಹಿಂದೆ ಇನ್ನೊಂದು ದಿಮ್ಮಿ ಲಾರಿ ಬಂದು ಹಾರ್ನ್ ಹೊಡೆಯಿತು. ನಿಶಿತಾ ಅದನ್ನು ನೋಡಿದಳು, ವೇಗ ಹೆಚ್ಚಿಸಲಿಲ್ಲ. ಲಾರಿಯೂ ಅವಳ ಹಿಂದೆ ಗೊಣಗುತ್ತ ನಲವತ್ತೈದರಲ್ಲೇ ಬಂತು. ಆ ಕಾಡು ಮುಗಿಯುವವರೆಗೆ ಬೇರೆ ದಾರಿಯಿರಲಿಲ್ಲ ಅದಕ್ಕೆ.

ಚನ್ನಬಸಪ್ಪನ ಕಣ್ಣಿನ ಮೇಲೆ ಮತ್ತೆ ಯಾರೋ ಬೀಸಣಿಗೆ ಬೀಸತೊಡಗಿದರು. ತಲೆ ಗಾಜಿನ ಕಡೆ ವಾಲುವಷ್ಟರಲ್ಲಿ ಹಿಂದಿನಿಂದ ಪ್ರಭಾಳ ಕೈ ಬಂತು. ಕೈಯಲ್ಲಿ ರೊಟ್ಟಿಯ ಡಬ್ಬಿಯಿಂದ ತೆಗೆದ ಒಂದು ಹಸಿಮೆಣಸಿನಕಾಯಿ.

"ಕಚ್ಚಿ" ಎಂದಳು.

ಅವನು ಕಚ್ಚಿದ. ಕಣ್ಣು ತುಂಬ ನೀರು ತಂದುಕೊಂಡು, ನೆಟ್ಟಗೆ ಕೂತು, ರಸ್ತೆ ನೋಡಿದ.